‘ಗ್ರಾಂಟಾ’ ಕಾಲೇಜು ಮ್ಯಾಗಜೀನ್ ಆಗಿತ್ತೇ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಈ ವರ್ಷದ ವಾರ್ಷಿಕ ಸಂಚಿಕೆಯ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಇಂಗ್ಲೆಂಡಿನ ಹೆಸರಾಂತ ಸಾಹಿತ್ಯ ಪತ್ರಿಕೆ ‘ಗ್ರಾಂಟಾ’ ಮೊದಲು ಕಾಲೇಜು ಮ್ಯಾಗಜೀನ್ ಆಗಿತ್ತೆಂದು ಓದಿದೆ. ನಿಜವೇ? ನಿಜವಾದರೆ ಅದು ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ, ನಮ್ಮವು ಏಕೆ ಬೆಳೆಯುವುದಿಲ್ಲ? ಇನ್ನೊಂದು ಮಾತು. ಸಂದೇಶ, ವರದಿ, ಗುಂಪು ಭಾವಚಿತ್ರಗಳಿಗೇ ಈಗಾಗಲೇ 30 ಪುಟ ಹೋಗಿದೆ. ಮಕ್ಕಳ ಬರಹಕ್ಕೆ ಉಳಿದಿರುವುದು 42. ಏನು ಮಾಡಲಿ?

ಉತ್ತರ: ಅರ್ಧ ನಿಜ. ಗ್ರಾಂಟಾ ಯಾವುದೋ ಒಂದು ಕಾಲೇಜಿನದಲ್ಲ, ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದ್ದು. ಅಲ್ಲಿ ವಿಶ್ವವಿದ್ಯಾಲಯವೆಂದರೆ ಒಂದೇ ಊರಿನಲ್ಲಿ ಒತ್ತೊತ್ತಾಗಿ ನಿಂತಿರುವ ಹಲವು ಕಾಲೇಜುಗಳ ಕೂಟ. ಒಬ್ಬ ಟ್ರಿನಿಟಿಯವನು, ಒಬ್ಬ ಕಿಂಗ್ಸ್‌ನವನು, ಇನ್ನೊಬ್ಬ ಪೆಂಬ್ರೋಕ್‌ನವನು ಸೇರಿ ಪತ್ರಿಕೆ ನಡೆಸುವುದು ಅಲ್ಲಿ ಸಹಜ. ‘ಬೆಳೆದದ್ದು ಹೇಗೆ’ ಎಂಬ ನಿಮ್ಮ ಮಾತಿಗೆ ಮಾತ್ರ ನನ್ನ ತಕರಾರಿದೆ. ಅದು ಬೆಳೆಯಲಿಲ್ಲ, ಸತ್ತಿತು. ಸತ್ತ ಮೇಲೆ ಅದರ ಹೆಸರನ್ನು ಬೇರೆಯವರು ಎತ್ತಿಕೊಂಡರು. ಅದನ್ನು ಹೇಳಲು ಹಿಂದಿನಿಂದ ಬರಬೇಕು.

ಗ್ರಾಂಟಾ ಎಂಬುದು ನದಿಯ ಹೆಸರು. ಕೇಂಬ್ರಿಜ್ ಊರಿನ ನಡುವೆ ಹರಿಯುವ ಕ್ಯಾಮ್ ನದಿಗೆ ಹಿಂದೆ ಇದ್ದ ಹೆಸರು ಅದು. ಊರಿಗೂ ‘ಗ್ರಾಂಟಾ ನದಿಯ ಸೇತುವೆ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಹೆಸರಿತ್ತು. ಅದು ನಾಲಿಗೆಯಿಂದ ನಾಲಿಗೆಗೆ ಸವೆದು ಕೇಂಬ್ರಿಜ್ ಆಯಿತು. ಆಮೇಲೆ ಜನ ಊರಿನ ಹೆಸರನ್ನು ನೋಡಿ, ‘ಕೇಂಬ್ರಿಜ್ ಎಂದ ಮೇಲೆ ಸೇತುವೆಯ ಕೆಳಗಿನ ನದಿ ಕ್ಯಾಮ್ ಇರಬೇಕು’ ಎಂದು ನದಿಗೂ ಹೊಸ ಹೆಸರಿಟ್ಟರು. ಮಗನ ಹೆಸರಿನಿಂದ ಅಪ್ಪನಿಗೆ ನಾಮಕರಣ ಮಾಡಿದ ಹಾಗೆ. ಊರಿನಿಂದ ಮೇಲಕ್ಕೆ ಹೋದರೆ ಆ ನೀರಿಗೆ ಇಂದಿಗೂ ಗ್ರಾಂಟಾ ಎನ್ನುವುದುಂಟು.

1889ರಲ್ಲಿ ಈ ಹೆಸರಿನ ಪತ್ರಿಕೆ ಹೊರಟಾಗ ಅದಕ್ಕೆ ಸಾಹಿತ್ಯವನ್ನು ಉದ್ಧಾರ ಮಾಡುವ ಹಂಬಲವೇನೂ ಇರಲಿಲ್ಲ. ವಿದ್ಯಾರ್ಥಿ ರಾಜಕೀಯ, ಅಧ್ಯಾಪಕರ ಬಗ್ಗೆ ಕುಚೋದ್ಯ, ದೋಣಿ ಪಂದ್ಯದ ಸುದ್ದಿ, ಅಣಕವಾಡು ಇವೇ ಅದರ ಸರಕು. ಆರಂಭದ ಸಂಪಾದಕ ಆರ್.ಸಿ. ಲೆಹ್ಮನ್ ಮುಂದೆ ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನ ಮುಖ್ಯ ಲೇಖಕರಲ್ಲಿ ಒಬ್ಬನಾದ. ನಗಿಸುವುದನ್ನು ಗ್ರಾಂಟಾದಲ್ಲಿ ಕಲಿತು ಪಂಚ್‌ನಲ್ಲಿ ಸಂಬಳಕ್ಕೆ ಸೇರುವುದು ಬಹಳ ದಿನ ನಡೆದುಬಂದ ದಾರಿ.

ಆ ದಾರಿಯಲ್ಲಿ ನಡೆದವರಲ್ಲಿ ಎಲ್ಲರೂ ಬಲ್ಲವನು ಎ.ಎ. ಮಿಲ್ನ್, ಮುಂದೆ ವಿನ್ನಿ ದ ಪೂ ಎಂಬ ಕರಡಿಯನ್ನು ಹುಟ್ಟಿಸಿದವನು. ಅವನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿದ್ದಾಗ ಗ್ರಾಂಟಾದ ಒಂದು ಪ್ರತಿ ಕೈಗೆ ಬಂತಂತೆ. ಜೊತೆಗಿದ್ದ ಗೆಳೆಯ ಅದನ್ನು ನೋಡಿ, ನೀನು ಕೇಂಬ್ರಿಜ್‌ಗೆ ಹೋಗಿ ಇದರ ಸಂಪಾದಕನಾಗಬೇಕು ಎಂದ. ಆಗುತ್ತೇನೆ ಎಂದ ಮಿಲ್ನ್. ಗಣಿತ ಓದುವುದಕ್ಕೆಂದು 1900ರಲ್ಲಿ ಟ್ರಿನಿಟಿ ಕಾಲೇಜು ಸೇರಿದ, ಹೇಳಿದ ಹಾಗೆ ಸಂಪಾದಕನೂ ಆದ. ಅಣ್ಣ ಕೆನ್ನೆತ್ ಜೊತೆ ಸೇರಿ ‘ಎ.ಕೆ.ಎಂ.’ ಎಂಬ ಜೋಡಿ ಹೆಸರಿನಲ್ಲಿ ಹಾಸ್ಯಪದ್ಯಗಳನ್ನು ಬರೆದ. ಗಣಿತ ಹಿಂದೆ ಬಿತ್ತು. 1906ರಲ್ಲಿ ಪಂಚ್‌ನ ಸಹಾಯಕ ಸಂಪಾದಕನಾದ. ಯಾವ ವಿಷಯ ಓದಬೇಕು ಎಂಬುದಕ್ಕಿಂತ ಯಾವ ಪತ್ರಿಕೆಯಲ್ಲಿ ಬರೆಯಬೇಕು ಎಂದು ಮೊದಲು ನಿರ್ಧರಿಸಿ ವಿಶ್ವವಿದ್ಯಾಲಯ ಆರಿಸಿಕೊಂಡ ಹುಡುಗ! ನಮ್ಮ ಕಾಲೇಜುಗಳ ಸಂಚಿಕೆಯನ್ನು ನೋಡಿ ಪ್ರವೇಶ ಪಡೆದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರದ ಎಳೆ ಇಲ್ಲೇ ಇದೆ. ಆ ಪತ್ರಿಕೆಯನ್ನು ಮಾರುತ್ತಿದ್ದರು. ಬೆಲೆ ಕೊಟ್ಟು ಕೊಳ್ಳುವವನು ನಗದಿದ್ದರೆ ಮುಂದಿನ ಸಂಚಿಕೆಗೆ ಕೈ ಚಾಚುವುದಿಲ್ಲ. ನಮ್ಮಲ್ಲಿ ಪ್ರವೇಶದ ರಸೀದಿಯಲ್ಲೇ ‘ಮ್ಯಾಗಜೀನ್ ಶುಲ್ಕ’ ಎಂಬ ಕಲಮು ಇರುತ್ತದೆ. ಹುಡುಗ ಅದನ್ನು ಓದುತ್ತಾನೋ ಇಲ್ಲವೋ, ಹಣ ಸಂದಾಯವಾಗಿರುತ್ತದೆ. ಹಾಗಾಗಿ ಅದು ಸೋಲುವ ಪ್ರಶ್ನೆಯೇ ಬರುವುದಿಲ್ಲ. ಅದು ಯಾರನ್ನಾದರೂ ಮೆಚ್ಚಿಸಬೇಕಾದರೆ ಪ್ರಾಂಶುಪಾಲರನ್ನು, ಆಡಳಿತ ಮಂಡಳಿಯನ್ನು ಮೆಚ್ಚಿಸಿದರೆ ಸಾಕು.

ಆದರೆ ಮಾರಾಟದ ಪತ್ರಿಕೆಗೂ ಅದರದ್ದೇ ಮಿತಿ ಇರುತ್ತದೆ. ಗ್ರಾಂಟಾ ನಗಿಸಲು ಹೊರಟದ್ದರಿಂದ ಗಂಭೀರವಾಗಿ ಬರೆಯುವವರಿಗೆ ಅಲ್ಲಿ ಕಾಲು ಚಾಚಲು ಜಾಗ ಸಾಲುತ್ತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ವಿಲಿಯಂ ಎಂಪ್ಸನ್ ಎಂಬ ವಿದ್ಯಾರ್ಥಿ ಗ್ರಾಂಟಾಕ್ಕೆ ಪುಸ್ತಕ, ಸಿನಿಮಾಗಳ ವಿಮರ್ಶೆ ಬರೆಯುತ್ತಿದ್ದ. ವಿಮರ್ಶೆ ಓದಿದವರಿಗೆಲ್ಲ ಗೊತ್ತಿರುವ, ಕಾವ್ಯದಲ್ಲಿನ ಸಂದಿಗ್ಧತೆಯ ಏಳು ಬಗೆಗಳ ಬಗ್ಗೆ ಬರೆದ ಎಂಪ್ಸನ್ ಇವನೇ. ಹೊಸ ಬಗೆಯ ಬರಹಕ್ಕೆ ಗ್ರಾಂಟಾ ಸಾಲದೆನಿಸಿದಾಗ 1928ರಲ್ಲಿ ಗೆಳೆಯರ ಜೊತೆ ‘ಎಕ್ಸ್‌ಪೆರಿಮೆಂಟ್’ ಎಂಬ ಬೇರೆ ಪತ್ರಿಕೆಯನ್ನೇ ತೆಗೆದ. ಆ ಗೆಳೆಯರಲ್ಲಿ ಒಬ್ಬ ಜೇಕಬ್ ಬ್ರೊನೌಸ್ಕಿ, ಮುಂದೆ ಬಿಬಿಸಿಯಲ್ಲಿ ಮನುಕುಲದ ಏಳಿಗೆಯ ಕಥೆ ಹೇಳಿದ ವಿಜ್ಞಾನಿ. ವಿಶ್ವವಿದ್ಯಾಲಯದ ಊರಿನಲ್ಲಿ ಇದೊಂದು ಸೊಗಸು. ಒಂದು ಪತ್ರಿಕೆ ಬಾಗಿಲು ತೆರೆಯದಿದ್ದರೆ ನಾಲ್ಕು ಜನ ಕೂಡಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇಡುತ್ತಾರೆ. ಆರು ತಿಂಗಳಲ್ಲಿ ಮುಚ್ಚಿದರೂ ಯಾರೂ ತಲೆಯ ಮೇಲೆ ಕೈಹೊತ್ತು ಕೂರುವುದಿಲ್ಲ.

ಹಾಗೆ ಇಟ್ಟ ಅಂಗಡಿಗಳಲ್ಲಿ ತೀರಾ ಅಲ್ಪಾಯುಷಿಯಾದದ್ದು, ತೀರಾ ಹೆಸರಾದದ್ದೂ ಒಂದೇ: 1956ರ ‘ಸೇಂಟ್ ಬೊಟಾಲ್ಫ್ಸ್ ರಿವ್ಯೂ’. ಕವಿ ಟೆಡ್ ಹ್ಯೂಸ್ ಆಗ ಓದು ಮುಗಿಸಿ ಎರಡು ವರ್ಷವಾಗಿತ್ತು. ವಿದ್ಯಾರ್ಥಿಯಾಗಿದ್ದಾಗ ಗ್ರಾಂಟಾದಲ್ಲಿ ಅವನ ಪದ್ಯ ಅಚ್ಚಾಗಿದ್ದರೂ ಅದಕ್ಕೆ ಅವನು ಹಾಕಿದ್ದು ತನ್ನ ಹೆಸರಲ್ಲ, ಕಾವ್ಯನಾಮ. ಈಗ ಗೆಳೆಯರ ಜೊತೆ ಸೇರಿ ಹೊಸ ಪತ್ರಿಕೆ ತಂದಾಗ ಸ್ವಂತ ಹೆಸರಿನಲ್ಲೇ ಕವಿತೆಗಳನ್ನು ಕೊಟ್ಟ. ಫೆಬ್ರವರಿ 25ರಂದು ಹುಡುಗರು ಪ್ರತಿಗಳನ್ನು ಹಿಡಿದು ಊರಿನಲ್ಲಿ ಮಾರಾಟಕ್ಕೆ ಹೊರಟರು. ಅಮೆರಿಕದಿಂದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ನ್ಯೂನ್‌ಹ್ಯಾಮ್ ಕಾಲೇಜಿಗೆ ಬಂದಿದ್ದ ಹುಡುಗಿಯೊಬ್ಬಳು ಒಂದು ಪ್ರತಿ ಕೊಂಡಳು. ಹ್ಯೂಸ್‌ನ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಳು. ಅಂದು ರಾತ್ರಿ ಫಾಲ್ಕನ್ ಯಾರ್ಡ್‌ನಲ್ಲಿ ಪತ್ರಿಕೆ ಬಿಡುಗಡೆಯ ಸಂತೋಷಕೂಟ. ಗದ್ದಲದ ನಡುವೆ ಅವಳು ಅವನದೇ ಸಾಲುಗಳನ್ನು ಅವನ ಮುಖಕ್ಕೆ ಹೇಳಿದಳು. ಅವನು ಅವಳ ತಲೆಯ ಕೆಂಪು ಪಟ್ಟಿಯನ್ನು ಕಿತ್ತುಕೊಂಡ, ಅವಳು ಅವನ ಕೆನ್ನೆಯನ್ನು ರಕ್ತ ಬರುವಂತೆ ಕಚ್ಚಿದಳು. ನಾಲ್ಕು ತಿಂಗಳಿಗೆ ಮದುವೆ. ಹುಡುಗಿ ಸಿಲ್ವಿಯಾ ಪ್ಲಾತ್, ಮುಂದೆ ಹೆಸರಾಂತ ಕವಿಯಾದವಳು. ಆ ವರ್ಷವೇ ಗ್ರಾಂಟಾದಲ್ಲಿ ಅವಳ ಕಥೆಯೊಂದು ಅಚ್ಚಾಯಿತು. ಬೊಟಾಲ್ಫ್ಸ್ ರಿವ್ಯೂ ಮಾತ್ರ ಒಂದೇ ಸಂಚಿಕೆಗೆ ನಿಂತಿತು. ಇನ್ನೊಂದು ಬಂದದ್ದು 50 ವರ್ಷಗಳ ನಂತರ, 2006ರಲ್ಲಿ.

ಈ ಕಥೆಯಲ್ಲಿ ಎಲ್ಲರಿಗೂ ಕಚ್ಚಿದ್ದೇ ನೆನಪಿರುತ್ತದೆ. ನನಗೆ ನೆನಪಿರುವುದು ಅವಳು ಪ್ರತಿ *ಕೊಂಡದ್ದು*. ಹೊಟ್ಟೆಕಿಚ್ಚಿನಿಂದಲೋ ಆಸೆಯಿಂದಲೋ ಒಬ್ಬ ಓದುಗಾರ್ತಿ ತನ್ನ ಚೀಲದಿಂದ ಕಾಸು ತೆಗೆದಳು.

ಗ್ರಾಂಟಾಕ್ಕೆ ಕಚ್ಚಿಸಿಕೊಂಡ ಅನುಭವ ಬೇರೆ ಬಗೆಯದ್ದು. 1953ರಲ್ಲಿ ಕಿಂಗ್ಸ್ ಕಾಲೇಜಿನ ಮಾರ್ಕ್ ಬಾಕ್ಸರ್ ಸಂಪಾದಕನಾಗಿದ್ದ. ದೇವರನ್ನು ಬಾಯಿಗೆ ಬಂದಂತೆ ಬೈಯುವ ಪದ್ಯವೊಂದನ್ನು ಪ್ರಕಟಿಸಿದ. ಬರೆದವನು ಬೇರೆ, ಶಿಕ್ಷೆ ಬಿದ್ದದ್ದು ಸಂಪಾದಕನಿಗೆ. ವಿಶ್ವವಿದ್ಯಾಲಯ ಅವನನ್ನು ದೇವನಿಂದೆಯ ಆರೋಪದ ಮೇಲೆ ಹೊರಗೆ ಕಳಿಸಿತು. ಕಿಂಗ್ಸ್‌ನಲ್ಲೇ ವಾಸವಾಗಿದ್ದ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಹುಡುಗನ ಪರ ನಿಂತರು. ವಿದ್ಯಾರ್ಥಿಗಳು ಶವಪೆಟ್ಟಿಗೆ ಹೊತ್ತು ಅಣಕು ಶವಯಾತ್ರೆ ಮಾಡಿ ಅವನನ್ನು ಬೀಳ್ಕೊಟ್ಟರು. ಮೇ ಬಾಲ್ ಎಂಬ ಕಾಲೇಜಿನ ದೊಡ್ಡ ನೃತ್ಯೋತ್ಸವ ಅವನಿಗೆ ತಪ್ಪಲಿ ಎಂದೇ ಶಿಕ್ಷೆಯ ಅವಧಿಯನ್ನು ಆ ವಾರಕ್ಕೆ ಕೂಡಿಸಿದ್ದರೆಂದೂ, ಉತ್ಸವ ಬೆಳಗಿನವರೆಗೆ ನಡೆಯುವುದರಿಂದ ಗಡಿಯಾರ ಹನ್ನೆರಡು ಹೊಡೆದು ಅವಧಿ ಮುಗಿದ ಕೂಡಲೇ ಅವನು ಒಳಗೆ ಬಂದನೆಂದೂ ಹೇಳುವುದುಂಟು. ಬಾಕ್ಸರ್ ಮುಂದೆ ಹೆಸರಾಂತ ವ್ಯಂಗ್ಯಚಿತ್ರಕಾರನಾದ. ಸಂಡೇ ಟೈಮ್ಸ್‌ನ ಬಣ್ಣದ ಪುರವಣಿಯ ಮೊದಲ ಸಂಪಾದಕನೂ ಅವನೇ.

1960ರ ಆಸುಪಾಸಿನಲ್ಲಿ ಡೇವಿಡ್ ಫ್ರಾಸ್ಟ್ ಇದರ ಸಂಪಾದಕನಾಗಿದ್ದ. ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಬಾಯಿ ಬಿಡಿಸಿದ ಟಿವಿ ಸಂದರ್ಶಕನಾಗಿ ಅವನನ್ನು ನೀವು ಬಲ್ಲಿರಿ. ಆಮೇಲೆ ಇಳಿಜಾರು. 1970ರ ದಶಕದಲ್ಲಿ ಹಣ ಕೈಕೊಟ್ಟಿತು, ಅದಕ್ಕಿಂತ ಹೆಚ್ಚಾಗಿ ಓದುಗರ ಆಸಕ್ತಿ ಕೈಕೊಟ್ಟಿತು. ವಿದ್ಯಾರ್ಥಿ ಪತ್ರಿಕೆಯ ಹುಟ್ಟುಗುಣವೇ ಇದು. ಮೂರು ವರ್ಷಕ್ಕೊಮ್ಮೆ ಇಡೀ ಮನೆಮಂದಿ ಖಾಲಿ ಮಾಡಿ ಹೋಗುತ್ತಾರೆ. ಪ್ರತಿ ಸಂಪಾದಕನೂ ಲೆಕ್ಕದ ಪುಸ್ತಕವನ್ನೂ ಸಾಲವನ್ನೂ ಮುಂದಿನವನಿಗೆ ದಾಟಿಸಿ ನಡೆದುಬಿಡುತ್ತಾನೆ. ಅಂಥ ಮನೆ 90 ವರ್ಷ ನಿಂತಿತ್ತೆಂಬುದೇ ಸೋಜಿಗ.

1979ರಲ್ಲಿ ಬಿಲ್ ಬ್ಯೂಫರ್ಡ್, ಜೊನಾಥನ್ ಲೀವೈ, ಪೀಟರ್ ಡಿ ಬೊಲ್ಲಾ ಎಂಬ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಪಾಳು ಮನೆಯ ಬೀಗ ತೆಗೆದರು. ಬ್ಯೂಫರ್ಡ್ ಅಮೆರಿಕದವನು, ಮಾರ್ಷಲ್ ವಿದ್ಯಾರ್ಥಿವೇತನ ಪಡೆದು ಕಿಂಗ್ಸ್‌ಗೆ ಬಂದಿದ್ದವನು. ಬೇಕಿದ್ದರೆ ಇವರು ಹೊಸ ಹೆಸರಿಟ್ಟುಕೊಳ್ಳಬಹುದಿತ್ತು. ಹಳೆಯ ಹೆಸರನ್ನೇ ಉಳಿಸಿಕೊಂಡರು, ಉಳಿದದ್ದನ್ನೆಲ್ಲ ಹೊರಗೆಸೆದರು. ಕುಚೋದ್ಯವಿಲ್ಲ, ದೋಣಿ ಪಂದ್ಯವಿಲ್ಲ, ವಿಶ್ವವಿದ್ಯಾಲಯದ ಸುದ್ದಿಯಿಲ್ಲ. ಆಕಾರ ಕೂಡ ಪುಸ್ತಕದ್ದು. ‘ಹೊಸ ಅಮೆರಿಕನ್ ಬರವಣಿಗೆ’ ಎಂಬ ವಿಷಯದ ಮೇಲೆ ತಂದ ಅವರ ಮೊದಲ ಸಂಚಿಕೆಯಲ್ಲಿ ಅಮೆರಿಕದ ಲೇಖಕರಾದ ಸೂಸನ್ ಸೊಂಟಾಗ್, ವಿಲಿಯಂ ಗ್ಯಾಸ್ ಇದ್ದರು. ಅವರ ಪೈಕಿ ಯಾರೂ ಕೇಂಬ್ರಿಜ್‌ನಲ್ಲಿ ಹಾಜರಿ ಹಾಕಿಸಿಕೊಳ್ಳುತ್ತಿದ್ದವರಲ್ಲ. ಲೇಖಕರೂ ಹೊರಗಿನವರು, ಓದುಗರೂ ಹೊರಗಿನವರು.

ಮುಖಪುಟದ ಮೇಲೆ ಅವರು ಹಾಕಿದ ಅಂಕಿ ನೋಡಿ: 1. ಹಳೆಯ ಲೆಕ್ಕ ಮುಂದುವರಿಸಲಿಲ್ಲ. ಇಂದಿಗೂ ಗ್ರಾಂಟಾದ ಸಂಚಿಕೆಗಳ ಎಣಿಕೆ 1979ರಿಂದ, 1889ರಿಂದಲ್ಲ. ‘ಸತ್ತಿತು’ ಎಂದು ನಾನು ಮೊದಲೇ ಹೇಳಿದ್ದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಪತ್ರಿಕೆಯ ಲೆಕ್ಕವೇ ಹಾಗಿದೆ.

ಮೂರನೆಯ ಸಂಚಿಕೆ 1980ರದ್ದು. ‘ಇಂಗ್ಲಿಷ್ ಕಾದಂಬರಿಯ ಕೊನೆ’ ಎಂದು ಶೀರ್ಷಿಕೆ. ಅದರಲ್ಲಿ, ಒಂದು ಕಾದಂಬರಿ ಬರೆದು ಸೋತಿದ್ದ ಮುಂಬಯಿ ಮೂಲದ ಲೇಖಕನೊಬ್ಬನ ಎರಡನೆಯ ಕಾದಂಬರಿಯ ಒಂದು ಭಾಗ ಬಂತು. ಮರುವರ್ಷ ‘ಮಿಡ್‌ನೈಟ್ಸ್ ಚಿಲ್ಡ್ರನ್’ ಪುಸ್ತಕವಾಗಿ ಬಂದು ಬೂಕರ್ ಪ್ರಶಸ್ತಿ ಗೆದ್ದಿತು. ಸಲ್ಮಾನ್ ರಶ್ದಿ ಕೂಡ ಕಿಂಗ್ಸ್ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವನು ಓದುತ್ತಿದ್ದ ಕಾಲದ ಗ್ರಾಂಟಾ ಬೇರೆ, ಅವನನ್ನು ಅಚ್ಚು ಹಾಕಿದ ಗ್ರಾಂಟಾ ಬೇರೆ. 1983ರ ಏಳನೆಯ ಸಂಚಿಕೆಯಲ್ಲಿ ‘ಅತ್ಯುತ್ತಮ ಯುವ ಬ್ರಿಟಿಷ್ ಕಾದಂಬರಿಕಾರರು’ ಎಂದು 20 ಹೆಸರು ಬಂದವು. ರಶ್ದಿ, ಇಯಾನ್ ಮೆಕ್ಯೂಯನ್, ಮಾರ್ಟಿನ್ ಏಮಿಸ್, ಜೂಲಿಯನ್ ಬಾರ್ನ್ಸ್, ಆಗಿನ್ನೂ ಒಂದೇ ಕಾದಂಬರಿ ಬರೆದಿದ್ದ ಕಾಜುವೊ ಇಶಿಗುರೊ. ಆ ಪಟ್ಟಿಯನ್ನು ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಮಾಡುತ್ತಲೇ ಬಂದಿದೆ. ನನಗೆ ಪಟ್ಟಿಗಳ ಮೇಲೆ ಅಂಥ ಮೋಹವಿಲ್ಲ. ಆದರೂ ಈ ಮೊದಲ ಪಟ್ಟಿಯ ಮೂಗು ಚುರುಕಾಗಿತ್ತು ಎಂದು ಒಪ್ಪಬೇಕು. ಇಶಿಗುರೊಗೆ ನೊಬೆಲ್ ಬಂದದ್ದು 2017ರಲ್ಲಿ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಪೆಂಗ್ವಿನ್ ಪ್ರಕಾಶನದ ಮೂಲಕ ಮಾರಾಟ, ಲಂಡನ್ನಿಗೆ ಸ್ಥಳಾಂತರ, ಸ್ವಂತ ಪ್ರಕಾಶನ. 1995ರಲ್ಲಿ ಬ್ಯೂಫರ್ಡ್ ನ್ಯೂಯಾರ್ಕರ್ ಪತ್ರಿಕೆಗೆ ಹೋದ, ಸಂಪಾದಕರಾಗಿ ಇಯಾನ್ ಜ್ಯಾಕ್ ಬಂದರು. 2005ರಲ್ಲಿ ಸಿಗ್ರಿಡ್ ರೌಸಿಂಗ್ ಎಂಬ ಮಹಿಳೆ ಪತ್ರಿಕೆಯನ್ನು ಕೊಂಡುಕೊಂಡರು. ಭಾರತದ ಮೇಲೆಯೇ ಎರಡು ಸಂಚಿಕೆ ಬಂದವು, 1997ರಲ್ಲೊಂದು, 2015ರಲ್ಲೊಂದು, ಎರಡೂ ಇಯಾನ್ ಜ್ಯಾಕ್ ಸಂಪಾದಿಸಿದವು. ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಶ್ರೀನಾಥ್ ಪೆರೂರ್ ಅನುವಾದದಲ್ಲಿ ಗ್ರಾಂಟಾದ ಓದುಗರಿಗೂ ತಲುಪಿತು.

ಹಾಗಾದರೆ ಕೇಂಬ್ರಿಜ್‌ನ ವಿದ್ಯಾರ್ಥಿಗಳ ಗತಿ? 1992ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡರ ವಿದ್ಯಾರ್ಥಿಗಳ ಬರಹಕ್ಕೆಂದೇ ‘ದ ಮೇಸ್’ ಎಂಬ ವಾರ್ಷಿಕ ಸಂಕಲನ ಶುರುವಾಯಿತು. ಕೆಲವು ವರ್ಷಗಳ ನಂತರ ಅದರಲ್ಲಿ ಒಬ್ಬ ವಿದ್ಯಾರ್ಥಿನಿಯ ಕಥೆಗಳು ಬಂದವು, ಪ್ರಕಾಶಕರ ಕಣ್ಣಿಗೆ ಬಿದ್ದವು. ಅವಳು ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾದ ಜೇಡಿ ಸ್ಮಿತ್, ಅದೇ ಕಿಂಗ್ಸ್ ಕಾಲೇಜಿನವಳು. 2003ರ ಗ್ರಾಂಟಾ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅಂದರೆ ಗ್ರಾಂಟಾ ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ವಿದ್ಯಾರ್ಥಿ ಪತ್ರಿಕೆ ಮಾಡಿ, ಫಸಲನ್ನು ಗ್ರಾಂಟಾಕ್ಕೆ ಮುಟ್ಟಿಸಿತು.

ಈಗ ನಮ್ಮ ಊರಿಗೆ ಬರೋಣ. ಕಾಲೇಜಿನಲ್ಲಿ ಹುಟ್ಟಿದ ಪತ್ರಿಕೆ ನಾಡಿನದ್ದಾದ ಉದಾಹರಣೆ ನಮ್ಮಲ್ಲಿಲ್ಲ ಎನ್ನಬೇಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ತರಗತಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ. ಮೈಸೂರು ವಿಶ್ವವಿದ್ಯಾಲಯಕ್ಕೆ ಆಗ ಮೂರು ವರ್ಷ, ಕನ್ನಡದಲ್ಲಿ ಎಂ.ಎ. ತರಗತಿ ಇನ್ನೂ ಹುಟ್ಟಿಯೇ ಇರಲಿಲ್ಲ. ಅಂಥಲ್ಲಿ ಆ ತ್ರೈಮಾಸಿಕ ವಿದ್ಯಾವಂತರು ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿಕೊಟ್ಟಿತು. ಮುಂದೆ ಅದು ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಗ್ರಾಂಟಾ ವಿಶ್ವವಿದ್ಯಾಲಯ ಬಿಟ್ಟು ಹೋಯಿತು, ಪ್ರಬುದ್ಧ ಕರ್ನಾಟಕ ವಿಶ್ವವಿದ್ಯಾಲಯದ ಒಳಕ್ಕೆ ಹೋಯಿತು. ಒಂದು ಸರಿ, ಇನ್ನೊಂದು ತಪ್ಪು ಎಂದು ನಾನು ಹೇಳುತ್ತಿಲ್ಲ. ಶಾಸ್ತ್ರ, ಸಂಶೋಧನೆಗೆ ಸಂಸ್ಥೆಯ ನೆರಳು ಬೇಕು. ಇಪ್ಪತ್ತರ ಹರೆಯದವರ ಪದ್ಯಕ್ಕೆ ಆ ನೆರಳು ಸ್ವಲ್ಪ ದಟ್ಟವಾಗುತ್ತದೆ. ಅದೇ ಸೆಂಟ್ರಲ್ ಕಾಲೇಜಿನ ಸಂಘದ ಮೂಲಕ ಜಿ.ಪಿ. ರಾಜರತ್ನಂ ಮುಂದೆ ವಿದ್ಯಾರ್ಥಿಗಳ ಬರಹವನ್ನು ಅಚ್ಚು ಹಾಕಿಸಲು ಪಟ್ಟ ಪಾಡು ಗೊತ್ತಿರುವವರಿಗೆ, ಒಬ್ಬ ಮೇಷ್ಟರು ಮನಸ್ಸು ಮಾಡಿದರೆ ಎಷ್ಟಾಗುತ್ತದೆ ಎಂಬುದೂ ಗೊತ್ತು.

ಗಮನಿಸಿ, ಕೃಷ್ಣಶಾಸ್ತ್ರಿಗಳೂ ರಾಜರತ್ನಂ ಅವರೂ ಅಧ್ಯಾಪಕರು. ಗ್ರಾಂಟಾದ ಹಳೆಯ ಸಂಪಾದಕರೆಲ್ಲ ವಿದ್ಯಾರ್ಥಿಗಳು. ನಮ್ಮಲ್ಲಿ ವಿದ್ಯಾರ್ಥಿ ಸಂಪಾದಕ ಎಂಬುವನಿರುತ್ತಾನೆ, ಮುಖಪುಟದ ಹಿಂದೆ ಅವನ ಫೋಟೊ ಇರುತ್ತದೆ, ಒಂದು ಪದ್ಯವನ್ನು ತೆಗೆಯುವ ಅಥವಾ ಇಡುವ ಅಧಿಕಾರ ಮಾತ್ರ ಇರುವುದಿಲ್ಲ.

ನಾನೂ ಎಂಟು ವರ್ಷ ಈ ಕೆಲಸ ಮಾಡಿದವನು, ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಫೋಟೊ ಅಚ್ಚಾಗಬೇಕಾದರೆ ಬ್ಲಾಕ್, ಅಂದರೆ ಅದರ ಲೋಹದ ಪಡಿಯಚ್ಚು, ಮಾಡಿಸಬೇಕಿತ್ತು, ಅದಕ್ಕೆ ಬೇರೆ ದುಡ್ಡು. ಒಂದು ವರ್ಷ ಕಡೆಯ ಗಳಿಗೆಯಲ್ಲಿ ಗಣ್ಯರೊಬ್ಬರ ಸಂದೇಶ ಬಂತು, ಬ್ಲಾಕ್ ಸಮೇತ. ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಜೋಡಣೆ, ಕಟ್ಟಿಯಾಗಿತ್ತು. ಜಾಗ ಮಾಡಲು ಬಿಎ ಎರಡನೆಯ ವರ್ಷದ ಹುಡುಗನೊಬ್ಬನ ಪದ್ಯವನ್ನು ತೆಗೆಯಬೇಕಾಯಿತು. ಮೊಳೆ ಜೋಡಿಸಿದಾತ ಸಾಲುಗಳನ್ನು ಬಿಚ್ಚುವ ಮುನ್ನ ಒಮ್ಮೆ ಓದಿ, ‘ಇದು ಇರಬೇಕಿತ್ತು ಸಾರ್’ ಎಂದ. ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಅವುಗಳ ಖಾನೆಗೆ ಹಾಕಿದ. ಆ ಪದ್ಯದ ಬೇರೆ ಪ್ರತಿ ನನ್ನಲ್ಲಿರಲಿಲ್ಲ, ಹುಡುಗನಲ್ಲೂ ಇರಲಿಲ್ಲ. ಸಂದೇಶದಲ್ಲಿ ಏನಿತ್ತೆಂದು ಕೇಳಿದರೆ ಒಂದು ಪದವೂ ನೆನಪಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಸಂದೇಶಗಳನ್ನೆಲ್ಲ ಎರಡು ಪುಟಕ್ಕೆ ಇಳಿಸಿ, ಚಿಕ್ಕ ಅಕ್ಷರದಲ್ಲಿ. ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆಯ ವರದಿಗಳನ್ನು ಸಂಚಿಕೆಯಿಂದ ಬಿಡಿಸಿ ಬೇರೆ ಕಿರುಹೊತ್ತಿಗೆ ಮಾಡಿ. ಪರಿಶೀಲನೆಗೆ ಬರುವ ಸಮಿತಿಗಳಿಗೆ ಬೇಕಾಗುವುದು ಅದೇ, ಅವರಿಗೂ ಹುಡುಕುವ ಶ್ರಮ ತಪ್ಪುತ್ತದೆ. ಆಯ್ಕೆಯನ್ನು ನಾಲ್ಕು ಜನ ವಿದ್ಯಾರ್ಥಿಗಳಿಗೆ ಕೊಟ್ಟು ನೀವು ಕರಡು ತಿದ್ದುವುದಕ್ಕಷ್ಟೇ ಕೂರಿ. ಅವರು ನಿಮಗೆ ಹಿಡಿಸದ ಪದ್ಯವನ್ನು ಆರಿಸಿದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರಿ. ಶುಲ್ಕದ ಪ್ರತಿಗಳ ಜೊತೆ 50 ಪ್ರತಿ ಹೆಚ್ಚಿಗೆ ಹಾಕಿಸಿ, ಬೆಲೆ ಮುದ್ರಿಸಿ, ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಇಡಿ. ನಿಮ್ಮ ಕಾಲೇಜಿಗೆ ಸಂಬಂಧವೇ ಇಲ್ಲದ ಎಷ್ಟು ಜನ ಅದನ್ನು ಕೊಂಡರು ಎಂಬುದನ್ನು ಜೂನ್ ಹೊತ್ತಿಗೆ ನನಗೊಂದು ಸಾಲು ಬರೆಯಿರಿ. ಮೂರು ಎಂದು ಬರೆದರೂ ಖುಷಿಪಡುತ್ತೇನೆ.